ಹೊಡೆತ ಯಾರ ತಲೆಗೆ

ಪರದೆಯ ಮೇಲೆ ಅವಳ ತಮ್ಮ ಮತ್ತೆ ಬೆಂಚಿನ ಕಡೆಗೆ ಜಾರಿದ. ಅವಳು ವಿಡಿಯೋ ಹಿಂದಕ್ಕೆಳೆದು ಇನ್ನೊಮ್ಮೆ ನೋಡಿದಳು. ಎದುರಾಳಿಗಳು ಕಪ್ಪು ರಬ್ಬರ್ ಬಿಲ್ಲೆಯನ್ನು ಕಸಿದುಕೊಂಡು ಇತ್ತ ತಿರುಗುತ್ತಾರೆ. ತಮ್ಮ ಒಮ್ಮೆ ಕತ್ತೆತ್ತಿ ನೋಡುತ್ತಾನೆ. ದಣಿದವನಂತೆ ಬೆನ್ನು ಬಾಗಿಸಿ ಬೆಂಚಿನ ಬಾಗಿಲು ಸೇರಿಬಿಡುತ್ತಾನೆ. ಬದಲಿ ಆಟಗಾರ ಒಳಗೆ ಕಾಲಿಡುವಷ್ಟರಲ್ಲಿ ಗೋಲಿನ ಮುಂದೆ ಉಳಿದಿರುವ ಡಿಫೆಂಡರ್ ಒಬ್ಬನೇ. ವಯಸ್ಸು ಮೂವತ್ತಾರು, ತಂಡದವರೆಲ್ಲ 'ಅಜ್ಜ' ಎಂದು ಕರೆಯುವವನು. ಐಸ್ ಹಾಕಿಯಲ್ಲಿ ಆಟ ನಿಲ್ಲಿಸದೆಯೇ ಬೆಂಚಿಗೆ ಬರಬಹುದು, ಹೋಗಬಹುದು, ತಪ್ಪೇನಿಲ್ಲ. ಆದರೆ ಈ ವರ್ಷ ಇದು ನಲವತ್ತೊಂದನೆಯ ಸಲ.

ಅವಳು ವಿಡಿಯೋ ನಿಲ್ಲಿಸಿದಳು.

ಆಟಗಾರರನ್ನು ಅಳೆಯಲು ತಂಡ ಬಳಸುವ ಲೆಕ್ಕ ಅವಳದೇ. ಬರೀ ಗೋಲು ಎಣಿಸಿದರೆ ಡಿಫೆಂಡರನ ಯೋಗ್ಯತೆ ತಿಳಿಯದೆಂದು ಮೂರು ವರ್ಷ ಕೂತು ಕಟ್ಟಿದ್ದಳು. ತಂಡದ ಗೋಲಿನ ಕಡೆ ಬಂದ ಪ್ರತಿ ಹೊಡೆತಕ್ಕೂ ದೂರ, ಕೋನ ನೋಡಿ, ಗೋಲಾಗುವ ಸಂಭವ ಇಷ್ಟೆಂದು ತೂಕ ಕೊಡುವುದು. ಹೊಡೆದ ಕ್ಷಣದಲ್ಲಿ ಅಂಗಳದಲ್ಲಿದ್ದ ಐವರ ತಲೆಗೂ ಅದನ್ನು ಕಟ್ಟುವುದು. ಕಡಿಮೆ ಹೊತ್ತವನು ಒಳ್ಳೆಯ ಡಿಫೆಂಡರ್. ಒಂದು ಭಾನುವಾರ ಅಮ್ಮ ಬಡಿಸುತ್ತಿದ್ದಾಗ ಇದನ್ನೇ ತಮ್ಮನಿಗೆ ತಟ್ಟೆಯಲ್ಲಿ ಬಟಾಣಿ ಕಾಳು ಜೋಡಿಸಿ ವಿವರಿಸಿದ್ದಳು. ಅದೆಷ್ಟು ಹೆಮ್ಮೆಯಿಂದ!

"ಏನಮ್ಮ, ನನ್ನ ಹಣೆಬರಹ ಬರೆದಾಯ್ತಾ?"

ಅಜ್ಜ ಬಾಗಿಲಲ್ಲಿ ನಿಂತಿದ್ದ. ಮೊಣಕಾಲಿಗೆ ಐಸಿನ ಚೀಲ ಕಟ್ಟಿಕೊಂಡಿದ್ದ. ಕೈಗವಸಿನ ಕೊಳೆತ ಬೆವರಿನ ನಾತ ಅವನಿಗಿಂತ ಮೊದಲೇ ಒಳಗೆ ಬಂದಿತ್ತು. ಮುಂದಿನ ವರ್ಷಕ್ಕೆ ತಂಡದಲ್ಲಿ ಉಳಿದಿದ್ದದ್ದು ಒಂದೇ ಡಿಫೆಂಡರನ ಜಾಗ. ಅವನಿಗೋ ಅವಳ ತಮ್ಮನಿಗೋ ಎಂಬುದು ಸಂಜೆ ನಾಲ್ಕಕ್ಕೆ ತೀರ್ಮಾನವಾಗಲಿತ್ತು. ಬೆಳಿಗ್ಗೆ ಅವಳು ತಂಡದ ಮ್ಯಾನೇಜರರಿಗೆ ಕೊಟ್ಟಿದ್ದ ಪಟ್ಟಿಯಲ್ಲಿ ತಮ್ಮನೇ ಮೇಲಿದ್ದ.

"ಇನ್ನೂ ನೋಡ್ತಾ ಇದ್ದೀನಿ, ಅಣ್ಣ."

"ಬಂದಿದ್ದು ಬಂದ ಹಾಗೇ ಇರ್ಲಿ ಬಿಡಿ. ಅಂಕಿಗೇನು ನನ್ನ ಮೇಲೆ ಹಗೆನಾ? ಕಾಲು ನಿಧಾನ ಆಗಿದೆ, ಅಷ್ಟೆ. ನಿಮ್ಮ ತಮ್ಮನ್ನ ನೋಡಿ ಕಲೀಬೇಕು ನಾನು." ಆಗ ಪರದೆ ಅವನ ಕಣ್ಣಿಗೆ ಬಿತ್ತು. ಅವನ ದನಿ ತಗ್ಗಿತು. "ಪಾಪ, ಅವತ್ತೂ ಹೀಗೇ. 'ಎದೆ ಹಿಡ್ಕೊಳ್ಳುತ್ತೆ ಅಜ್ಜ, ನೀನು ನೋಡ್ಕೊ' ಅಂದಿದ್ದ. ಯಾರಿಗೂ ಹೇಳ್ಬೇಡ ಅಂತಾನೂ ಅಂದಿದ್ದ. ನೀವು ಅಕ್ಕ ಅಂತ ಹೇಳ್ತಿದ್ದೀನಿ. ಒಂದ್ಸಲ ಡಾಕ್ಟರಿಗೆ ತೋರ್ಸಿ."

ಕುಂಟುತ್ತ ಹೋದ. ಅವಳು ಎದ್ದು ತಮ್ಮನನ್ನು ಹುಡುಕಿ ಹೊರಟಳು.

ಅವನು ಹೊರಗಿನ ಕಾರಿಡಾರಿನಲ್ಲಿ ಗೋಡೆಗೊರಗಿ ಹಾಕಿ ಕೋಲಿಗೆ ಅಂಟುಪಟ್ಟಿ ಸುತ್ತುತ್ತಿದ್ದ.

"ನಿನಗೆ ಎದೆ ನೋವಾ?"

"ಅಜ್ಜ ಹೇಳ್ಬಿಟ್ನಾ? ಅವನ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ. ನೋವೂ ಇಲ್ಲ, ಏನೂ ಇಲ್ಲ." ಹಲ್ಲಿನಿಂದ ಪಟ್ಟಿ ಕಡಿದು ಉಗುಳಿದ. "ನೀನೇ ತಾನೇ ಬಟಾಣಿ ಜೋಡ್ಸಿ ಹೇಳ್ಕೊಟ್ಟಿದ್ದು? ಹೊಡೆಯೋ ಹೊತ್ತಿಗೆ ಅಲ್ಲಿರದಿದ್ರೆ ನಂದಲ್ಲ ಅಂತ."

"ಅದು ಎಣಿಸೋ ರೀತಿ ಕಣೋ. ಆಡೋ ರೀತಿ ಅಲ್ಲ."

"ಅಂಕಿ ನೋಡಿ ಜಾಗ ಕೊಡ್ತಾರೆ ಅಂದ್ಮೇಲೆ ಅಂಕಿಗೇ ಆಡ್ಬೇಕಪ್ಪ. ಅಮ್ಮನಿಗೂ ಹೇಳಿ ಆಯ್ತು, ಜಾಗ ಸಿಕ್ತು ಅಂತ. ಮುಖ ಯಾಕೆ ಹೀಗೆ ಮಾಡ್ತೀಯಾ, ಬೇವು ತಿಂದೋಳ ಹಾಗೆ?"

ನಗುತ್ತ ಅವಳ ಗಲ್ಲ ಹಿಂಡಿದ. ಚಿಕ್ಕವನಿದ್ದಾಗ ಅವನ ಮೂಗು ಒರೆಸಿದವಳು, ವಾಂತಿ ಬಳಿದವಳು ಅವಳೇ. ಆಗೊಂದು ದಿನವೂ ಹೇಸಿಗೆಯಾಗಿರಲಿಲ್ಲ. ಈಗ ಕೋಣೆಗೆ ಮರಳಿ ಕರವಸ್ತ್ರದಿಂದ ಗಲ್ಲ ಉಜ್ಜಿಕೊಂಡಳು, ಉರಿಯುವವರೆಗೂ.

ಆಮೇಲೆ ಲೆಕ್ಕ ತಿದ್ದಿದಳು. ಒಬ್ಬ ಬೆಂಚಿಗೆ ಓಡಿದ ಎಂಟು ಸೆಕೆಂಡಿನೊಳಗೆ ಬಂದ ಹೊಡೆತವನ್ನು ಓಡಿದವನ ತಲೆಗೇ ಕಟ್ಟಿದಳು, ಎಲ್ಲರಿಗೂ, ಎಲ್ಲ ಪಂದ್ಯಗಳಿಗೂ. ಪಟ್ಟಿ ತಲೆಕೆಳಗಾಯಿತು. ಅಜ್ಜ ಎರಡನೆಯವನು, ತಮ್ಮ ಕಟ್ಟಕಡೆಯವನು.

ಅವಳು ಹೊಸ ಪಟ್ಟಿಯ ಹಾಳೆ ಮುಂದಿಟ್ಟಾಗ ಮ್ಯಾನೇಜರ್ ಮೇಜಿನ ಮೇಲೆ ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದರು.

"ಇದೇನಮ್ಮ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು?"

"ಬೆಳಗಿಂದು ತಪ್ಪು ಸಾರ್. ಎಣಿಸೋ ಗುಟ್ಟು ಅವನಿಗೆ ಹೇಳ್ಕೊಟ್ಟವಳು ನಾನೇ." ವಿಡಿಯೋ ತೋರಿಸಿದಳು.

ಅವರು ಅಗಿಯುತ್ತಲೇ ನಾಲ್ಕು ತುಣುಕು ನೋಡಿದರು. ತುಟಿಯಂಚಿನಲ್ಲಿ ಹಳದಿ ಮೆತ್ತಿಕೊಂಡಿತ್ತು. "ಭಲೇ ಹುಡುಗ! ಇಂಥ ತಲೆ ಬೇಕು ನಮಗೆ."

"ಬೇಲಿನೇ ಎದ್ದು ಹೊಲ ಮೇಯ್ತಿದೆ ಸಾರ್."

"ಮೇಯ್ಲಿ ಬಿಡಿ, ಬೇಲಿ ದಷ್ಟಪುಷ್ಟ ಆಗುತ್ತೆ." ತಮ್ಮ ಮಾತಿಗೆ ತಾವೇ ನಕ್ಕರು. "ಬೆಳಗಿನ ಪಟ್ಟಿ ಮಾಲೀಕರಿಗೆ ಹೋಗಿ ಆಯ್ತು. ಈಗ ತಪ್ಪು ಅಂದ್ರೆ ನಿಮ್ಮ ಮೂರು ವರ್ಷದ ಲೆಕ್ಕನೇ ತಪ್ಪು ಅಂತಾರೆ. ನಿಮಗೂ ಬೇಡ, ನನಗೂ ಬೇಡ. ಸ್ವಂತ ತಮ್ಮನ ಅನ್ನಕ್ಕೆ ಮಣ್ಣು ಹಾಕ್ತೀರಲ್ಲ, ಎಂಥ ಅಕ್ಕ ರೀ ನೀವು!"

ಅವಳ ಹಾಳೆಗೇ ಬೆರಳು ಒರೆಸಿ, ಸಿಪ್ಪೆಯನ್ನು ಅದರಲ್ಲಿ ಮಡಿಚಿ ಬುಟ್ಟಿಗೆ ಎಸೆದರು.

ಜಾಗ ತಮ್ಮನಿಗೆ ಸಿಕ್ಕಿತು. ಅದು ಹೇಗೆ ಸಿಕ್ಕಿತೆಂಬ ಕಥೆಯನ್ನು ಮ್ಯಾನೇಜರ್ ಸಿಕ್ಕಸಿಕ್ಕವರಿಗೆ ನಗುತ್ತ ಹೇಳಿದರು. ಮುಂದಿನ ಶುಕ್ರವಾರದ ಅಭ್ಯಾಸ ಪಂದ್ಯಕ್ಕೆ ಅವಳು ಎಂದಿನಂತೆ ಗಾಜಿನ ಹಿಂದೆ ಕೂತಳು. ಎದುರು ಬಣದವನೊಬ್ಬ ಬಿಲ್ಲೆ ಕಸಿದು ಇತ್ತ ತಿರುಗಿದ. ಈ ಬಣದವನೊಬ್ಬ ಬೆಂಚಿನ ಕಡೆ ಜಾರಿದ. ಅವನ ಹಿಂದೆ ಇನ್ನೊಬ್ಬ. ಮೂರನೆಯವನೂ ಬಂದು, ಕಿರಿದಾದ ಆ ಬಾಗಿಲಲ್ಲಿ ಮೂವರೂ ಭುಜಕ್ಕೆ ಭುಜ ಸಿಕ್ಕಿಕೊಂಡು ಒಬ್ಬರನ್ನೊಬ್ಬರು ಬೈಯತೊಡಗಿದರು. ಗೋಲ್‌ಕೀಪರ್ ಅತ್ತ ಇತ್ತ ನೋಡಿದ; ಮುಂದೆ ಯಾರೂ ಇರಲಿಲ್ಲ.

ತನ್ನ ಸಾಮಾನು ಒಯ್ಯಲು ಬಂದಿದ್ದ ಅಜ್ಜ ಆಗಷ್ಟೇ ಅಂಗಳದ ಅಂಚಿನಲ್ಲಿ ಹಾದುಹೋಗುತ್ತಿದ್ದ. ಹೆಗಲ ಚೀಲ ದೊಪ್ಪನೆ ಕೆಳಗೆ ಬಿತ್ತು. ತೆರೆದಿದ್ದ ಪಕ್ಕದ ಬಾಗಿಲಿನಿಂದ, ಬೀದಿಯ ಬೂಟಿನಲ್ಲೇ, ಅವನು ಮಂಜುಗಡ್ಡೆಯ ಮೇಲೆ ಒಂದು ಹೆಜ್ಜೆ ಇಟ್ಟ, ಜಾರಿದ, ಕಟಕಟೆ ಹಿಡಿದು ಹೇಗೋ ನಿಂತ. ಇನ್ನೊಂದು ಕೈ, ಕೋಲಿಲ್ಲದ ಕೈ, ಬಿಲ್ಲೆ ಬರುತ್ತಿದ್ದ ದಾರಿಗೆ ಅಡ್ಡವಾಗಿ ಚಾಚಿಕೊಂಡೇ ಇತ್ತು.