ಅವ್ವ ಕಟ್ಟಿಸಿದ ತಾಯಿತ

ಕಾಶ್ಮೀರದ ಗುಂಡಿನ ಸದ್ದಿಗೆ ಕೆಟ್ಟ ನನ್ನ ತಲೆಯನ್ನು ‘ಸೇನೆಗೆ ಸೇರುವ ಮೊದಲೇ ಇದ್ದ ಮನೋರೋಗ’ ಎಂದು ಬರೆದು, ಪಿಂಚಣಿಯಿಲ್ಲದೆ 1994ರಲ್ಲಿ ಮನೆಗೆ ಕಳಿಸಿದರು. ನಾನು ಮೇಲ್ಮನವಿ ಹಾಕಿದೆ. ವಿಚಾರಣೆಯ ದಿನ ಅವ್ವನನ್ನೂ ನಾಗಮಂಗಲದಿಂದ ಸೇನೆಯ ಪಿಂಚಣಿ ಕಚೇರಿಗೆ ಕರೆದುಕೊಂಡು ಹೋದೆ.

“ಚಿಕ್ಕವನಿದ್ದಾಗ ಹೆದರ್ತಿದ್ನಾ?” ಅಧಿಕಾರಿ ಕೇಳಿದ.

“ಒಂದ್ಸಲ ಕೆರೆ ಏರಿ ಮ್ಯಾಲೆ ಬೆಚ್ಚಿದ್ದ ಸ್ವಾಮಿ. ತಾಯ್ತ ಕಟ್ಟುಸ್ದೊ, ಸರ್ಯೋಯ್ತು,” ಅಂದಳು ಅವ್ವ, ನನಗೆ ಒಳ್ಳೆಯದಾಗಲೆಂದು.

ಅವನು ನಗುತ್ತಲೇ ಬರೆದುಕೊಂಡ. “ನೋಡಪ್ಪ, ನಿಮ್ಮವ್ವನೇ ಒಪ್ಕೊಂಡ್ರು. ಕಾಯಿಲೆ ಆಗ್ಲೇ ಇತ್ತು. ನಿನ್ನ ಮೇಲ್ಮನವಿ ನಿಲ್ಲಲ್ಲ.”

ಅವ್ವ ಗಾಬರಿಯಿಂದ ನನ್ನ ಮುಖ ನೋಡಿದಳು. ಫೈಲನ್ನು ಕಪಾಟಿನ ಮೇಲಿಡಲು ಅವನು ಕೈ ಎತ್ತಿದಾಗ ಅಂಗಿಯ ತೋಳು ಸರಿಯಿತು. ಒಳಗೆ ಕಪ್ಪು ದಾರ, ಬೆಳ್ಳಿಯ ತಾಯಿತ.

ನಾನು ಆ ತೋಳನ್ನು ಗಟ್ಟಿಯಾಗಿ ಹಿಡಿದೆ.

“ನಿಮ್ಗೆ ಯಾವಾಗ್ನಿಂದ ಸಾ ಹುಚ್ಚು?”