ವಿಭೂತಿ ಬಳಿದ ಸ್ವಿಚ್ಚು

ಹೊಳೆನರಸೀಪುರದ ಕೊಬ್ಬರಿ ವ್ಯಾಪಾರಿ ದೊಡ್ಡಯ್ಯ ಮನೆಗೆ ಹಾಕಿಸಿದ ಕರೆಂಟಿನ ಸುಖವನ್ನು ಕಂಡದ್ದು ಒಂದೇ ವಾರ. ಮೂವತ್ತೊಂಬತ್ತನೇ ಇಸವಿಯ ಆಯುಧಪೂಜೆಯ ದಿನ ದೇವರ ಕೋಣೆಯ ದೀಪ ಹಾಕಲು ಹೋದವನು ಸ್ವಿಚ್ಚಿನ ಮೇಲೆ ಕೈಯಿಟ್ಟಂತೆಯೇ ಕುಸಿದು ತೀರಿಕೊಂಡ. ಎದೆ ನಿಂತುಹೋಯಿತು ಎಂದರು ಊರವರು. ಹೇಳುವುದಕ್ಕೇನು, ಅವರ ಗಂಟು ಹೋಗುತ್ತದೆಯೆ?

ಅವನ ಹೆಂಡತಿ ಬಸವಲಿಂಗಮ್ಮ ಅಂದಿನಿಂದ ದಿನವೂ ಬೆಳಿಗ್ಗೆ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿಂದ ಆ ಹಿತ್ತಾಳೆ ಸ್ವಿಚ್ಚಿಗೆ ಬಳಿಯತೊಡಗಿದಳು. ಗಂಡನ ಕೈ ಕೊನೆಯದಾಗಿ ಮುಟ್ಟಿದ ಜಾಗ ಅದು. ಆಕೆ ಕುಳ್ಳಿ, ಮರದ ಮಣೆ ಹತ್ತಿದರೇ ಕೈಗೆಟುಕುವುದು.

ದೀಪ ಆರಿಸಿದ್ದರೂ ಬಲ್ಬಿನೊಳಗಿನ ತಂತಿ ಕೆಂಪಗೆ ಇರುತ್ತಿತ್ತು. ವಿಭೂತಿ ಬಳಿದೊಡನೆ ಆ ಕೆಂಪು ಹೆಚ್ಚುವುದು, ಹೊತ್ತು ಕಳೆದಂತೆ ಕಂದುವುದು. ಬಳಿಯುವ ಬೆರಳುಗಳಲ್ಲಿ ಸಣ್ಣಗೆ ಜುಮ್ಮೆನ್ನುವುದು. ಮದುವೆಯಾಗಿ ಮೂವತ್ತು ವರ್ಷ ಕೈ ಹಿಡಿದವನ ಕೈ ಆಕೆಗೆ ಗೊತ್ತಾಗದೆ?

"ಬಂದ್ರಾ?" ಎಂದು ಕೇಳುವಳು. ದೀಪ ಕೆಂಪಗೆ ನೋಡುವುದು.

ಮಗ ಪರಮಶಿವಯ್ಯ ಇದನ್ನು ಕಂಡ. ತಾಯಿ ಆರಿಸಿದ ದೀಪದೊಂದಿಗೆ ಮಾತಾಡುತ್ತಾಳೆ, ದೀಪವೂ ಪೂರ್ತಿ ಆರುವುದಿಲ್ಲ. ಹಾಸನದಿಂದ ಕರೆಂಟಿನ ಕೆಲಸದ ರಂಗಸ್ವಾಮಿಯನ್ನು ಕರೆತಂದ.

"ಅದ ಮುಟ್ಬ್ಯಾಡ ಕಣಪ್ಪ. ಅಲ್ಲಿ ನಿಮ್ಮಪ್ಪ ಅವ್ರೆ. ಅವ್ರೂ ವೋದ್ರೆ ನಂಗ್ಯಾರ್ಲಾ ಇದ್ದಾರು?" ಎಂದು ಬಸವಲಿಂಗಮ್ಮ ಮಗನ ಕೈ ಹಿಡಿದು ಅತ್ತಳು.

ರಂಗಸ್ವಾಮಿ ಮನೆಯ ಕರೆಂಟೆಲ್ಲ ನಿಲ್ಲಿಸಿ ಸ್ವಿಚ್ಚಿನ ಹಿತ್ತಾಳೆ ಮುಚ್ಚಳ ಬಿಚ್ಚಿದ. ಒಳಗೆಲ್ಲ ಒದ್ದೆ ವಿಭೂತಿ ಮೆತ್ತಿಕೊಂಡಿತ್ತು.

"ನೋಡಿ ಅಮ್ಮಾರೆ, ಸ್ವಿಚ್ಚು ಅಂದ್ರೆ ಕರೆಂಟು ಓಗೋ ದಾರೀನ ತುಂಡು ಮಾಡಾದು. ತುಂಡಾದ್ರೆ ದೀಪ ಆರ್ಬೇಕು. ಒದ್ದೆ ಇಬೂತಿ ಮಧ್ಯಕ್ಕೆ ಸೇತುವೆ ಕಟ್ಬುಟ್ಟದೆ. ಅದು ಕರೆಂಟ ಸಲೀಸಾಗಿ ಬುಡಾಕಿಲ್ಲ, ತಡೀತದೆ. ಅದ್ಕೇ ದೀಪ ಪೂರ್ತಿ ಉರಿಯಾಕಿಲ್ಲ, ಕೆಂಪಗಾಯ್ತದೆ ಅಷ್ಟೆಯ."

"ಮತ್ತೆ ಕೈ ಜುಮ್ಮನ್ನಾದು?"

"ಮುಚ್ಚಳಕ್ಕೂ ಕರೆಂಟು ಅತ್ಕೊಂಡದೆ. ಈ ಮಣೆ ಒಣಮರ, ಕರೆಂಟು ನೆಲಕ್ಕಿಳೀದಂಗೆ ತಡೀತು, ಉಳ್ಕೊಂಡ್ರಿ. ಒದ್ದೆ ಕಾಲಲ್ಲಿ ಕಲ್ಲುನೆಲದ ಮ್ಯಾಲೆ ನಿಂತು ಮುಟ್ಟಿದ್ರೆ ಅಲ್ಲೇ ಇಡ್ಕೊಂಡ್ಬುಡಾದು."

ಬಟ್ಟೆಯಿಂದ ವಿಭೂತಿಯನ್ನೆಲ್ಲ ಒರೆಸಿ, ಒಣಗಿಸಿ, ಮುಚ್ಚಳ ಹಾಕಿ, ಮತ್ತೆ ಕರೆಂಟು ಬಿಟ್ಟ. ಸ್ವಿಚ್ಚು ಒತ್ತಿದ, ದೀಪ ಝಗ್ಗೆಂದಿತು. ಆರಿಸಿದ. ಬಲ್ಬಿನೊಳಗೆ ಒಂದು ಎಳೆಯೂ ಕೆಂಪಿರಲಿಲ್ಲ.

ಬಸವಲಿಂಗಮ್ಮ ಕತ್ತಲೆಯನ್ನೇ ನೋಡುತ್ತ ನಿಂತಳು. ಆದರೆ ಆಕೆಗೆ ಕಾಣುತ್ತಿದ್ದದ್ದು ಆಯುಧಪೂಜೆಯ ಬೆಳಿಗ್ಗೆ. ಹೊಸ ಸಾಮಾನಲ್ಲವೆ ಎಂದು ಸ್ವಿಚ್ಚಿಗೆ ವಿಭೂತಿಯನ್ನು ಧಾರಾಳವಾಗಿ, ನೀರು ತೊಟ್ಟಿಕ್ಕುವಷ್ಟು ಬಳಿದದ್ದು. ಮಣೆಯಿಂದಿಳಿದು ಅದನ್ನು ಗೋಡೆಗೆ ಒರಗಿಸಿದ್ದು. ಬಚ್ಚಲುಮನೆಯ ಕಡೆ ಮುಖಮಾಡಿ, "ಬಿರ್ರನೆ ಬನ್ನಿ, ನೀವೇ ದೀಪ ಆಕಿ" ಎಂದು ಕೂಗಿದ್ದು.

ಪರಮಶಿವಯ್ಯನೂ ಏನೋ ನೆನೆಯುತ್ತಿದ್ದ.

"ಅಪ್ಪಯ್ಯ ಅವತ್ತು ಸ್ನಾನ ಮಾಡಿ ಒದ್ದೆ ಕಾಲಲ್ಲೇ ಬಂದಿದ್ರಲ್ವಾ?" ಎಂದ. ಆಮೇಲೆ ತಾಯಿಯತ್ತ ತಿರುಗಿ, "ಅವತ್ತೂ ಸ್ವಿಚ್ಚಿಗೆ ಇಬೂತಿ ಇಟ್ಟಿದ್ರಾ? ಯಾರವ್ವ ಇಟ್ಟಿದ್ದು?" ಎಂದು ಕೇಳಿದ.

ಬಸವಲಿಂಗಮ್ಮನ ಬೆರಳುಗಳಲ್ಲಿ ಬೆಳಗಿನ ವಿಭೂತಿ ಇನ್ನೂ ಒಣಗಿ ಅಂಟಿಕೊಂಡಿತ್ತು. ಆಕೆ ಆ ಮೂರು ಬೆರಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು.