ಬದುಕಿ ಬಂದ ಹುಳುಗಳು

ಫೋನ್ ಬಂದಾಗ ಅವಳು ಮಗಳ ತಲೆ ಬಾಚುತ್ತಿದ್ದಳು. ಧಾನ್ಯ ಪರೀಕ್ಷಿಸುವ ಲ್ಯಾಬಿನ ಮೇಡಂ. ಯಾವಾಗಲೂ ಊಟ ಆಯ್ತಾ ಎಂದು ಕೇಳಿಯೇ ಮಾತು ಶುರು ಮಾಡುವವಳು, ಇವತ್ತು ಹಲೋ ಕೂಡ ಅನ್ನಲಿಲ್ಲ.

"ನಿಮ್ಮ ಯಜಮಾನ್ರು ಎಲ್ಲಿದ್ದಾರೆ?"

"ಗೋದಾಮು ತೆರೆಯೋಕೆ ಹೋಗಿದ್ದಾರೆ. ಯಾಕೆ ಮೇಡಂ?"

"ಒಳಗೆ ಹೋಗ್ಬೇಡಿ ಅಂತ ಹೇಳಿ. ಪರೀಕ್ಷೆಗೆ ಅಂತ ಹುಳು ಕೊಟ್ಟಿದ್ರಲ್ಲ, ಗ್ಯಾಸಲ್ಲಿ ಇಟ್ಟು ನೋಡ್ದೆ. ಸಾಯ್ತಾನೇ ಇಲ್ಲ ಕಣ್ರೀ! ಮನುಷ್ಯನ್ನ ಮಲಗಿಸೋ ಅಷ್ಟು ಗ್ಯಾಸಲ್ಲಿ ಆರಾಮಾಗಿ ಹಿಟ್ಟು ತಿಂತಾ ಕೂತಿದಾವೆ."

ಬಾಚಣಿಗೆ ಮಗಳ ಕೂದಲಲ್ಲೇ ನಿಂತಿತು.

ಗಂಡನದು ಗೋದಾಮುಗಳಿಗೆ ಗ್ಯಾಸ್ ಹಾಕುವ ಕೆಲಸ; ಪಕ್ಕದ ಊರಲ್ಲಿರುವ ಅವನ ಅಣ್ಣನದೂ ಅದೇ. ಧಾನ್ಯದ ಮೂಟೆಗಳಿಗೆ ತಾಡಪಾಲು ಹೊದಿಸಿ, ಅಡಿಯಲ್ಲಿ ಗುಳಿಗೆ ಇಟ್ಟು ಬಾಗಿಲು ಮುಚ್ಚಿದರೆ, ಗಾಳಿಯ ತೇವ ತಾಗಿ ಗುಳಿಗೆ ವಿಷ ಬಿಡುತ್ತದೆ. ಹುಳು ಸತ್ತ ಮೇಲೆ ಬಾಗಿಲು ತೆರೆದು ಗಾಳಿ ಆಡಿಸಬೇಕು. ವಿಷ ಪೂರ್ತಿ ಹೋಯಿತೇ ಎಂದು ನೋಡಲು ಮೀಟರ್ ಇತ್ತು. ಅದು ಕೆಟ್ಟು ಕಪಾಟು ಸೇರಿದಾಗ ಯಾರೂ ಕಣ್ಣೀರು ಹಾಕಲಿಲ್ಲ. ಈ ಮನೆಯವರ ನಂಬಿಕೆಯೆಲ್ಲ ಸೀಸೆಯ ಮೇಲೆ.

ಅದು ಮಾವ ಹಾಕಿಕೊಟ್ಟ ಪದ್ಧತಿ. ಬಾಯಿಗೆ ತೆಳುಬಟ್ಟೆ ಕಟ್ಟಿದ ಸೀಸೆಯಲ್ಲಿ ಒಂದಿಷ್ಟು ಹಿಟ್ಟಿನ ಹುಳು ಹಾಕಿ, ಹಗ್ಗದಲ್ಲಿ ಗೋದಾಮಿನೊಳಗೆ ಇಳಿಬಿಡುವುದು. ಹುಳು ಮಗುಚಿ ಬಿದ್ದರೆ ವಿಷ ಇನ್ನೂ ಇದೆ ಎಂದರ್ಥ. ಓಡಾಡುತ್ತಿದ್ದರೆ ವಿಷ ತಡೆಯುವ ಮುಖವಾಡ ತೆಗೆದು ಒಳಗೆ ನಡೆಯಬಹುದು. "ಹುಳಾನೇ ಉಳಿದ ಮೇಲೆ ನಿನಗೇನು ಬಂತು ಧಾಡಿ?" ಎನ್ನುತ್ತಿದ್ದರು ಮಾವ. ಸತ್ತವನ್ನು ಅಲ್ಲೇ ಕೊಡವಿ, ಬದುಕಿ ಬಂದವನ್ನು ಮನೆಯ ಡಬ್ಬಕ್ಕೆ ವಾಪಸ್ ಹಾಕಬೇಕು. ಸಾವಿನ ಬಾಯಿಂದ ಬಂದದ್ದನ್ನು ಕೊಲ್ಲಬಾರದು ಎಂಬುದು ಅವರ ನೇಮ. ಮಾವ ಹೋದ ಮೇಲೂ ನೇಮ ತಪ್ಪಿರಲಿಲ್ಲ. ಡಬ್ಬಕ್ಕೆ ಹಿಟ್ಟು ಹಾಕಿ ಸಾಕುವುದು ಅವಳ ಪಾಲಿನ ಕೆಲಸ. "ನನಗಿಂತ ಅವಕ್ಕೇ ಉಪಚಾರ ಜಾಸ್ತಿ" ಎಂದು ಗಂಡ ರೇಗಿಸುತ್ತಿದ್ದ.

"ಮೊದಲು ಸಾಯ್ತಿದ್ವು ಮೇಡಂ. ನಾನೇ ಕಣ್ಣಾರೆ ನೋಡಿದ್ದೀನಿ. ವಿಷ ಕುಡಿದೂ ಕುಡಿದೂ ರೂಢಿ ಆಗೋಯ್ತಾ?"

"ರೂಢಿ ಅಲ್ಲಮ್ಮ. ಒಂದೇ ತಾಯಿ ಮಕ್ಕಳೆಲ್ಲ ಒಂದೇ ಥರ ಇರ್ತಾರಾ? ಹಾಗೇ, ಸಾವಿರ ಹುಳದಲ್ಲಿ ಒಂದೋ ಎರಡೋ ಹುಟ್ಟುತ್ತಲೇ ಗಟ್ಟಿ. ಗ್ಯಾಸ್ ಅವನ್ನ ಗಟ್ಟಿ ಮಾಡ್ಲಿಲ್ಲ. ಮೆತ್ತಗಿದ್ದವನ್ನ ಕೊಂದು ಇವಕ್ಕೆ ಜಾಗ ಬಿಟ್ಟುಕೊಡ್ತು. ನೀವು ಪ್ರತಿ ಸಲ ಬದುಕಿದವನ್ನೇ ತಂದು ಸಾಕಿದ್ರಿ. ಅವುಗಳ ಮರಿ, ಮರಿಗಳ ಮರಿ... ಈಗ ನಿಮ್ಮ ಡಬ್ಬದ ತುಂಬ ಅದೇ ವಂಶ."

ಅವಳು ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ. ಗಂಡನ ನಂಬರು ಒತ್ತಿದಳು. ಆ ಗೋದಾಮಿನೊಳಕ್ಕೆ ಫೋನ್ ಒಯ್ಯುವಂತಿಲ್ಲ, ಗೇಟಿನಲ್ಲೇ ಕೊಟ್ಟು ಹೋಗಬೇಕು. ಎತ್ತಿದ್ದು ಗೇಟು ಕಾಯುವ ತಾತ.

"ತಾತ, ಅವರನ್ನ ತಡೀರಿ! ಒಳಗೆ ವಿಷ ಇದೆ!"

"ಎಲ್ಲಿದೆ ವಿಷ? ಸೀಸೆ ಇಳಿಸಿ ನೋಡಿದ್ರಲ್ಲ ಕಣವ್ವ. ಒಂದು ಹುಳಾನೂ ಬಿದ್ದಿಲ್ಲ. ಮುಖವಾಡ ತೆಗೆದು ನನ್ನ ತಲೆಗೆ ಹಾಕಿ, 'ಈಗ ಚೆನ್ನಾಗಿ ಕಾಣ್ತೀಯ ತಾತ' ಅಂತ ನಗಾಡ್ಕೊಂಡು ಒಳಗೆ ಹೋದ್ರು."

"ಬಾಗಿಲಲ್ಲಿ ನಿಂತು ಕೂಗಿ. ನೀವು ಮಾತ್ರ ಒಳಗೆ ಹೋಗ್ಬೇಡಿ. ಆಂಬುಲೆನ್ಸಿಗೆ ಹೇಳಿ!"

ಅರ್ಧ ಜಡೆಯ ಮಗಳನ್ನು ಪಕ್ಕದ ಮನೆಯ ಅಜ್ಜಿಯ ಕೈಗಿತ್ತು ಸ್ಕೂಟರ್ ಹತ್ತಿದಳು. ದಾರಿಯುದ್ದಕ್ಕೂ ಕಣ್ಣಿಗೆ ಕಟ್ಟಿದ್ದು ಡಬ್ಬದ ಮುಚ್ಚಳ ತೆಗೆದಾಗಲೆಲ್ಲ ಹಿಟ್ಟಿನಡಿ ಮಿಸುಕುವ ಆ ಕೆಂಪು ಚುಕ್ಕೆಗಳು. ಎಷ್ಟು ಚುರುಕಾಗಿವೆ ನೋಡಿ ಎಂದು ಅವಳೇ ಗಂಡನಿಗೆ ತೋರಿಸಿ ಹಿಗ್ಗಿದ್ದಳು.

ಗೋದಾಮಿನ ಬಾಗಿಲು ತೆರೆದಿತ್ತು. ತಾತ ಹೊಸ್ತಿಲಲ್ಲಿ ನಿಂತು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದ. "ಆಗಿಂದ ಓ ಅಂತಿದ್ರು. ಈಗ ಅದೂ ಇಲ್ಲ ಕಣವ್ವ."

ಅವನ ತಲೆಯ ಮೇಲಿದ್ದ ಮುಖವಾಡ ಕಿತ್ತುಕೊಂಡು ಕಟ್ಟಿದಳು. ಮಗಳು ನೆನಪಾದಳು. ಇಬ್ಬರೂ ಒಳಗೇ ಉಳಿದರೆ? ಆದರೂ ಕಾಲು ಒಳಗಿತ್ತು.

ಮೂಟೆಗಳ ಓಣಿ ಕತ್ತಲಾಗಿತ್ತು. ತನ್ನ ಉಸಿರಿನ ಬುಸುಬುಸು ಬಿಟ್ಟರೆ ಬೇರೆ ಸದ್ದಿಲ್ಲ. ಮೂರನೆಯ ಸಾಲಿನ ಕೊನೆಯಲ್ಲಿ ಗಂಡ ಅರ್ಧ ಮಡಚಿದ ತಾಡಪಾಲಿನ ಮೇಲೆ ಕೂತಿದ್ದ, ಗದ್ದ ಎದೆಗೆ ತಾಗಿತ್ತು. ಅಲುಗಾಡಿಸಿದರೆ ಕಣ್ಣು ಬಿಟ್ಟ.

"ನೀನ್ಯಾಕೆ ಬಂದೆ... ಸುಸ್ತು ಕಣೇ, ಎರಡು ನಿಮಿಷ ಕೂತು ಬರ್ತೀನಿ."

ಅವಳು ಕಂಕುಳಿಗೆ ಕೈ ಹಾಕಿ, ತಾಡಪಾಲಿನ ಸಮೇತ ನೆಲದ ಮೇಲೆ ಎಳೆದಳು. ಹೊಸ್ತಿಲ ಬಳಿ ತಾತ ಅವನ ಕಾಲು ಹಿಡಿದೆತ್ತಿದ. ಬೆಳಕಿಗೆ ಬರುತ್ತಿದ್ದಂತೆ ಗಂಡ ಒಂದೇ ಸಮನೆ ವಾಂತಿ ಮಾಡಿಕೊಂಡ.

ಆಸ್ಪತ್ರೆಯಲ್ಲಿ ಡಾಕ್ಟರು ಸುಳ್ಳು ಸಮಾಧಾನ ಹೇಳಲಿಲ್ಲ. "ಈ ವಿಷಕ್ಕೆ ಮದ್ದಿಲ್ಲಮ್ಮ. ನಾವು ಆಮ್ಲಜನಕ ಕೊಟ್ಟು ಹೃದಯಕ್ಕೆ ಆಸರೆ ಆಗಬಹುದು, ಅಷ್ಟೇ. ಒಂದೇ ಗಾಳಿ ಕುಡಿದವರಲ್ಲೂ ಕೆಲವರು ತಡ್ಕೋತಾರೆ, ಕೆಲವರ ಕೈಲಾಗಲ್ಲ."

"ಇವರು?"

"ನೋಡೋಣ."

ಅವಳು ನೋಡುತ್ತ ಕೂತಳು. ಮಂಚದ ಪಕ್ಕದ ಪರದೆಯ ಮೇಲೆ ಹಸಿರು ಗೆರೆ ಏರುತ್ತಿತ್ತು, ಇಳಿಯುತ್ತಿತ್ತು, ಒಮ್ಮೊಮ್ಮೆ ಎಡವುತ್ತಿತ್ತು. ಕಿಟಕಿಯ ಬಿಸಿಲು ಗೋಡೆ ಹತ್ತಿ ಹೋಗುವ ಹೊತ್ತಿಗೆ ಎಡವುವುದು ಕಡಿಮೆಯಾಯಿತು. ನರ್ಸ್ ಬಂದು ಬಿಪಿ ನೋಡಿ, ಮೊದಲ ಸಲ ತಲೆಯಾಡಿಸಿ, "ಪರವಾಗಿಲ್ಲ, ಏರ್ತಾ ಇದೆ" ಎಂದಳು.

ಗಂಡ ಕಣ್ಣು ತೆರೆದ. ಅವಳು ಕೈ ಹಿಡಿದುಕೊಂಡು, ಲ್ಯಾಬಿನ ಮೇಡಂ ಹೇಳಿದ್ದನ್ನು ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದಳು. ಕೇಳುತ್ತ ಕೇಳುತ್ತ ಅವನ ಮುಖ ಇನ್ನಷ್ಟು ಬಿಳಿಚಿತು. ಮೂಗಿನ ಕೊಳವೆಯನ್ನು ಕಿತ್ತು ಏಳಲು ಹೋದ.

"ಅಣ್ಣ... ಅಣ್ಣನಿಗೂ ಕೊಟ್ಟಿದ್ದೀನಿ ಕಣೇ. ಅವನ ಹುಳ ಎಲ್ಲಾ ಸತ್ತುಹೋದ್ವು ಅಂದ, ನಮ್ಮ ಡಬ್ಬದಿಂದಲೇ ಒಂದು ಹಿಡಿ ಕೊಟ್ಟೆ. ಅವನ ಗೋದಾಮೂ ಇವತ್ತು ಸಂಜೆಯೇ ತೆರೆಯೋದು."

ಅವಳು ಭಾವನ ನಂಬರು ಒತ್ತಿದಳು. ಅವರ ಗೋದಾಮಿನಲ್ಲಿ ಫೋನಿಗೆ ತಡೆಯಿರಲಿಲ್ಲ, ಮೊದಲ ರಿಂಗಿಗೇ ಎತ್ತಿದರು. ಅವರ ದನಿ ಗೋದಾಮಿನ ದೊಡ್ಡ ಸೂರಿನಡಿ ಮೊಳಗುವಂತೆ ಕೇಳಿಸಿತು.

"ಏನಮ್ಮ, ನಿನಗೆ ನೂರು ವರ್ಷ ಆಯಸ್ಸು! ಈಗಷ್ಟೇ ನಿನ್ನ ಹೊಗಳ್ತಿದ್ದೆ. ಏನು ಹುಳ ಸಾಕಿದ್ದೀಯ, ಒಂದಾದ್ರೂ ಬೀಳಬೇಕಲ್ಲ!"

"ಭಾವ, ಹೊರಗೆ ಬನ್ನಿ. ಅವು ಗ್ಯಾಸಿಗೆ ಬೀಳೋ ಹುಳ ಅಲ್ಲ. ಒಳಗೆ ವಿಷ ಇದೆ. ಮೊದಲು ಹೊರಗೆ ಬನ್ನಿ!"

ಭಾವ ನಕ್ಕರು. ನಗು ಅರ್ಧಕ್ಕೆ ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ.

"ಓಡಿ ಭಾವ!" ಅವಳು ಚೀರಿದಳು. ವಾರ್ಡಿನವರೆಲ್ಲ ತಿರುಗಿ ನೋಡಿದರು.

ಫೋನಿನಲ್ಲಿ ಬೂಟಿನ ಸದ್ದು ಕೇಳತೊಡಗಿತು. ಅದು ಬಾಗಿಲ ಕಡೆಗೆ ಹೋಗುತ್ತಿದೆಯೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಉಸಿರು ಬಿಗಿಹಿಡಿದು ಒಂದೊಂದು ಹೆಜ್ಜೆಯನ್ನೂ ಕೇಳುತ್ತ ನಿಂತಳು.